ರೇಡಿಯೋ ಸಂದರ್ಶನದ ಹುಚ್ಚು: ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ದಾವಣಗೆರೆ ಪಿ.ಬಿ. ರೋಡಲ್ಲಿ ನಂದೊಂದು ಸಣ್ಣ ಇನ್ವರ್ಟರ್-ಬ್ಯಾಟರಿ ಅಂಗಡಿ. ಗಿರಾಕಿ ಇಲ್ಲದಾಗ ಕಿವೀಲಿ ಇಯರ್‌ಫೋನ್ ಇದ್ದೇ ಇರತ್ತೆ, ಬಂದೋರು ಏನ್ ಹಾಡು ಕೇಳ್ತಿದೀರಿ ಅಂತಾರೆ, ಹಾಡಲ್ಲ ರೀ ಯಾರೋ ಇಬ್ರು ಮಾತಾಡೋದು ಕೇಳ್ತಿದೀನಿ ಅಂದ್ರೆ ವಿಚಿತ್ರವಾಗಿ ನೋಡ್ತಾರೆ. ಗೆಳೆಯರ ವಾಟ್ಸಾಪ್ ಗುಂಪಲ್ಲೂ ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತವೆ, ಪ್ರತಿ ಸಲ ಟೈಪ್ ಮಾಡಿ ಸಾಕಾಗಿದೆ. ಅದಕ್ಕೆ ಎಲ್ಲಾ ಒಂದೇ ಕಡೆ.

ಯಾವ ಕಾರ್ಯಕ್ರಮ ಅದು, ಯಾವಾಗ್ಲೂ ಹೇಳ್ತಿರ್ತೀರಲ್ಲ?

ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್. ಬಿಬಿಸಿ ರೇಡಿಯೋದ್ದು. 1942ರ ಜನವರಿ 29ಕ್ಕೆ ಮೊದಲ ಪ್ರಸಾರ, ಅಂದ್ರೆ ನಮ್ಮಲ್ಲಿ ಕ್ವಿಟ್ ಇಂಡಿಯಾ ಚಳವಳಿಗೂ ಮುಂಚೆ, ಇನ್ನೂ ನಡೀತಾನೇ ಇದೆ. ರಾಯ್ ಪ್ಲಮ್ಲಿ ಅಂತ ಒಬ್ಬರು 1941ರ ಚಳಿಗಾಲದಲ್ಲಿ ಒಂದು ರಾತ್ರಿ ಪೈಜಾಮ ಹಾಕ್ಕೊಂಡು ಇನ್ನೇನು ಮಲಗ್ಬೇಕು ಅನ್ನೋ ಹೊತ್ತಿಗೆ ಈ ಐಡಿಯಾ ಹೊಳೀತಂತೆ, ಅಲ್ಲೇ ಕೂತು ಬಿಬಿಸಿಗೆ ಕಾಗದ ಬರೆದ್ರು. ಐಡಿಯಾ ಇಷ್ಟೇ: ಒಬ್ಬರನ್ನ ಯಾರೂ ಇಲ್ಲದ ದ್ವೀಪಕ್ಕೆ ಬಿಟ್ರೆ ಜೊತೆಗೆ ಯಾವ ಎಂಟು ಗ್ರಾಮಫೋನ್ ರೆಕಾರ್ಡ್ ತಗೊಂಡು ಹೋಗ್ತಾರೆ, ಯಾಕೆ? ಮೊದಲ ಅತಿಥಿ ವಿಕ್ ಆಲಿವರ್, ಹಾಸ್ಯಗಾರ, ಚರ್ಚಿಲ್‌ನ ಅಳಿಯ. ರೆಕಾರ್ಡಿಂಗ್ ಆಗಿದ್ದು ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದಲ್ಲಿ, ಬಾಂಬ್ ಬಿದ್ದು ಹಾಳಾಗಿದ್ದ ಕಟ್ಟಡ ಅದು.

ಆಮೇಲೆ ಎಂಟು ರೆಕಾರ್ಡಿನ ಜೊತೆ ಒಂದು ಪುಸ್ತಕ, ಒಂದು ಐಷಾರಾಮಿ ವಸ್ತು ಸೇರ್ಕೊಂಡ್ವು. ಬೈಬಲ್ಲು ಷೇಕ್ಸ್‌ಪಿಯರ್ರು ಅವರೇ ಕೊಡ್ತಾರೆ, ಬೈಬಲ್ ಬೇಡ ಅಂದ್ರೆ ನಿಮ್ಮ ಧರ್ಮದ ಗ್ರಂಥ ಕೇಳ್ಬಹುದು. ವಸ್ತುವಿಗೆ ಮಾತ್ರ ಕಂಡೀಶನ್ನು: ಜೀವ ಇರೋದಾಗಿರಬಾರ್ದು, ದ್ವೀಪದಿಂದ ತಪ್ಪಿಸ್ಕೊಳ್ಳೋಕೆ ಅಥವಾ ಹೊರಗಿನೋರ ಜೊತೆ ಮಾತಾಡೋಕೆ ಉಪಯೋಗಕ್ಕೆ ಬರಬಾರ್ದು. ಇಲ್ಲಿವರೆಗೆ 3000ಕ್ಕಿಂತ ಜಾಸ್ತಿ ಸಂಚಿಕೆ ಆಗಿವೆ. ಪ್ಲಮ್ಲಿ 1985ರಲ್ಲಿ ತೀರಿಹೋಗೋವರೆಗೂ ಅವರೇ ನಡೆಸಿದ್ರು, ಆಮೇಲೆ ಮೈಕಲ್ ಪಾರ್ಕಿನ್ಸನ್, ಸ್ಯೂ ಲಾಲಿ, ಕರ್ಸ್ಟಿ ಯಂಗ್, ಈಗ ಲಾರೆನ್ ಲವರ್ನ್.

ಅದು ಹಾಡಿನ ಕಾರ್ಯಕ್ರಮ ಅಲ್ವಾ? ಸಂದರ್ಶನ ಎಲ್ಲಿಂದ ಬಂತು?

ಎಲ್ಲರೂ ಕೇಳೋ ಪ್ರಶ್ನೆ ಇದು, ನಾನು ಈ ಪುಟ ಬರೆಯೋಕೆ ಕಾರಣಾನೂ ಇದೇ.

ಹಾಡು ಒಂದು ನೆಪ ರೀ. ನಮ್ಮಲ್ಲಿ ದೊಡ್ಡ ಮನುಷ್ಯರನ್ನ ಕೂರಿಸ್ಕೊಂಡು ಏನ್ ಕೇಳ್ತಾರೆ ನೋಡಿ, "ತಮ್ಮ ಸಾಧನೆಯ ಹಾದಿ ಬಗ್ಗೆ ಹೇಳಿ", "ಯುವಜನತೆಗೆ ತಮ್ಮ ಸಂದೇಶವೇನು". ಈ ಪ್ರಶ್ನೆಗೆ ಉತ್ತರ ಅವರ ಹತ್ರ ಮೊದಲೇ ರೆಡಿ ಇರತ್ತೆ, ಹತ್ತು ವೇದಿಕೆ ಮೇಲೆ ಹೇಳಿ ಸವೆದುಹೋಗಿರೋ ಉತ್ತರ. ಅದೇ ಮನುಷ್ಯನ್ನ "ಈ ಹಾಡು ಯಾಕೆ ತಗೊಂಡ್ರಿ" ಅಂತ ಕೇಳಿ. ಅಯ್ಯೋ ಅದಾ, ನಮ್ಮಪ್ಪ ಸ್ನಾನಕ್ಕೆ ನೀರು ಕಾಯಿಸ್ತಾ ಗುನುಗ್ತಿದ್ರು ಅಂತ ಶುರು ಮಾಡ್ತಾರೆ, ಆಮೇಲೆ ಅಪ್ಪ ಕುಡೀತಿದ್ರು ಅನ್ನೋದು ಬರತ್ತೆ, ಅಪ್ಪ ಮನೆ ಬಿಟ್ಟು ಹೋದ ದಿನ ಬರತ್ತೆ, ಇದನ್ನೆಲ್ಲ ಯಾರೂ ಕೇಳೇ ಇರಲ್ಲ, ತಾನಾಗೇ ಬಂದಿರತ್ತೆ. ನೇರ ಕೇಳಿದ್ರೆ ಬಾಗಿಲು ಹಾಕ್ಕೊಳ್ತಾರೆ, ಪಕ್ಕದಿಂದ ಕೇಳಿದ್ರೆ ತೆಗೀತಾರೆ. ನನಗೆ ಇಷ್ಟು ವರ್ಷ ಕೇಳಿ ಕೇಳಿ ಅನ್ಸಿರೋದು ಇದೊಂದೇ, ಕೆಳಗಡೆ ಬರೆದಿರೋ ಉದಾಹರಣೆ ಎಲ್ಲಾ ಇದರ ಸುತ್ತಾನೇ ತಿರುಗ್ತವೆ.

ಇನ್ನೊಂದು ಮಜಾ ಅಂದ್ರೆ ಯುದ್ಧದ ಕಾಲದಲ್ಲಿ ಸೆನ್ಸಾರ್ ಇತ್ತಲ್ಲ, ಮೊದಮೊದಲು ಅತಿಥಿ ಮತ್ತೆ ಪ್ಲಮ್ಲಿ ಇಬ್ರೂ ಬರೆದಿಟ್ಟ ಸ್ಕ್ರಿಪ್ಟ್ ಓದ್ತಿದ್ರು. ಆವಾಗಿನ ಸಂಚಿಕೆ ನಾಟಕ ಓದಿದಂಗೆ. ನಿಜವಾದ ಮಾತುಕತೆ ಆಗೋಕೆ ವರ್ಷಗಳೇ ಹಿಡಿದ್ವು.

ಸರಿ, ಒಂದೇ ಒಂದು ಕೇಳ್ತೀನಿ ಅಂದ್ರೆ ಯಾವುದು?

ಸ್ಟೀಫನ್ ಹಾಕಿಂಗ್. 1992ರ ಕ್ರಿಸ್‌ಮಸ್ ದಿನ ಪ್ರಸಾರ ಆಗಿದ್ದು, ಪ್ರಶ್ನೆ ಕೇಳಿದೋರು ಸ್ಯೂ ಲಾಲಿ.

ಹಾಕಿಂಗ್‌ಗೆ 1985ರಲ್ಲಿ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಕೈಯಲ್ಲಿ ಒಂದು ಸ್ವಿಚ್ ಒತ್ತಿ ಒತ್ತಿ ಕಂಪ್ಯೂಟರ್ ಪರದೆ ಮೇಲೆ ಒಂದೊಂದೇ ಪದ ಆರಿಸ್ಕೊಂಡು ವಾಕ್ಯ ಕಟ್ಟಬೇಕು, ಆಮೇಲೆ ಮಷಿನ್ ಅದನ್ನ ಓದತ್ತೆ. ಈಗ ಯೋಚ್ನೆ ಮಾಡಿ, ಇಂಥ ಮನುಷ್ಯನ್ನ ರೇಡಿಯೋದಲ್ಲಿ ಸಂದರ್ಶನ ಮಾಡೋದು ಹೆಂಗೆ. ಮುಖಭಾವ ಕಾಣಲ್ಲ, ದನೀಲಿ ಏರಿಳಿತ ಇಲ್ಲ, "ಹ್ಞಾಂ" "ಹೌದಾ" ಅನ್ನೋ ಹೊಂದಾಣಿಕೆ ಮಾತಿಲ್ಲ. ಆದ್ರೂ ಹತ್ತು ನಿಮಿಷ ಕೇಳೋಷ್ಟರಲ್ಲಿ ಮನುಷ್ಯ ಎಂಥ ತುಂಟ ಅಂತ ಗೊತ್ತಾಗತ್ತೆ. ಒಂದೊಂದು ಪದಕ್ಕೂ ಅಷ್ಟು ಕಷ್ಟ ಪಡ್ಬೇಕಾದೋನು ಸುಮ್ಸುಮ್ನೆ ಮಾತು ಬೆಳೆಸಲ್ಲ, ಹೇಳಿದ್ದೆಲ್ಲ ಗಟ್ಟಿ. ಐಷಾರಾಮಿ ವಸ್ತು ಏನು ಕೇಳಿದ್ರು ಗೊತ್ತಾ? ಕ್ರೆಮ್ ಬ್ರುಲೆ, ಹಾಲಿನ ಕೆನೆ ಮೊಟ್ಟೆ ಹಾಕಿ ಮಾಡಿ ಮೇಲೆ ಸಕ್ಕರೆ ಸುಡೋ ಒಂದು ಸಿಹಿ. ಬ್ರಹ್ಮಾಂಡದ ಹುಟ್ಟಿನ ಬಗ್ಗೆ ತಲೆ ಕೆಡಿಸ್ಕೊಂಡೋನು ದ್ವೀಪಕ್ಕೆ ಹೋಗ್ತಾ ಸಿಹಿ ತಿಂಡಿ ಕೇಳ್ತಾನೆ!

ಇದು ಹಿಡಿಸಿದ್ರೆ ಮುಂದಕ್ಕೆ ಟಾಮ್ ಹ್ಯಾಂಕ್ಸ್, 2016. ಕರ್ಸ್ಟಿ ಯಂಗ್ ಬಾಲ್ಯದ ಬಗ್ಗೆ ಕೇಳ್ತಾ ಕೇಳ್ತಾ, ಊರಿಂದ ಊರಿಗೆ ಮನೆ ಬದಲಾಯಿಸ್ಕೊಂಡು ಓಡಾಡಿದ ಆ ಹುಡುಗನ ಒಂಟಿತನದ ಹತ್ರ ಬಂದಾಗ ಹಾಲಿವುಡ್‌ನ ಅಷ್ಟು ದೊಡ್ಡ ನಟನಿಗೆ ಮಾತೇ ಕಟ್ಟಿಹೋಗತ್ತೆ. ನಟ ಅಲ್ವಾ, ಅಳೋದು ಅವನ ಕಸುಬು ಅಂತ ನಮ್ಮ ಗುಂಪಲ್ಲಿ ಒಬ್ರು ಹೇಳಿದ್ರು. ಕೇಳಿ ನೋಡಿ ಹೇಳಿ ಅಂದೆ, ಆಮೇಲೆ ಆ ಮಾತು ಎತ್ತಲಿಲ್ಲ. ಆತ ವಸ್ತು ಅಂತ ಕೇಳಿದ್ದು ಹರ್ಮೀಸ್ 3000 ಟೈಪ್‌ರೈಟರ್ರು, ಜೊತೆಗೆ ಕಾಗದ. ಹಳೇ ಟೈಪ್‌ರೈಟರ್ ಕೂಡಿಡೋ ಹುಚ್ಚು ಅವನಿಗೆ.

ಮೂರನೇದು ಡೇವಿಡ್ ಅಟೆನ್‌ಬರೋ, ಪ್ರಾಣಿ ಪಕ್ಷಿ ಸಾಕ್ಷ್ಯಚಿತ್ರದ ಅಜ್ಜ. 1957, 1979, 1998, 2012, ಹೀಗೆ ನಾಲ್ಕು ಸಲ ಬಂದಿದಾರೆ. ಒಂದೇ ಮನುಷ್ಯ ಐವತ್ತೈದು ವರ್ಷದ ಅಂತರದಲ್ಲಿ ಅದೇ ಪ್ರಶ್ನೆಗೆ ಏನ್ ಉತ್ತರ ಕೊಡ್ತಾನೆ ಅಂತ ನೋಡೋ ಅವಕಾಶ ಬೇರೆ ಎಲ್ಲಿ ಸಿಗತ್ತೆ.

ನಗು ಬರೋಂಥದ್ದು ಯಾವುದಾದ್ರೂ ಇದ್ಯಾ?

ಬೇಕಾದಷ್ಟು. ಎಲ್ಲಕ್ಕಿಂತ ಚೆನ್ನಾಗಿರೋದು ಪ್ರಸಾರಾನೇ ಆಗಿಲ್ಲ. ಅಲಿಸ್ಟೇರ್ ಮೆಕ್ಲೀನ್ ಅಂತ ಥ್ರಿಲ್ಲರ್ ಕಾದಂಬರಿ ಬರೆಯೋ ದೊಡ್ಡ ಲೇಖಕ, ಸಂದರ್ಶನ ಅಂದ್ರೆ ದೂರ ಓಡೋನು. ಪ್ಲಮ್ಲಿ ಬಹಳ ಕಷ್ಟಪಟ್ಟು ಒಪ್ಪಿಸಿದ್ರು, ಅಥವಾ ಒಪ್ಪಿಸಿದೀನಿ ಅಂದ್ಕೊಂಡ್ರು. ಕರ್ಕೊಂಡು ಬಂದು ಊಟ ಹಾಕ್ಸಿ ಮಾತಿಗೆ ಕೂರಿಸಿ, ವರ್ಷದಲ್ಲಿ ಯಾವ ತಿಂಗಳು ಕೂತು ಬರೀತೀರಿ ಅಂತ ಕೇಳಿದ್ರೆ, ಬರೆಯೋದಾ? ನಾನು ಕೆನಡಾದ ಒಂಟಾರಿಯೋ ಪ್ರವಾಸೋದ್ಯಮ ಇಲಾಖೆಯವನು ಅಂದನಂತೆ ಆ ಪುಣ್ಯಾತ್ಮ. ಅದೇ ಹೆಸರಿನ ಬೇರೆ ಮನುಷ್ಯ! ನಮ್ಮಲ್ಲಿ ಮಂಜುನಾಥ, ಬಸವರಾಜ ಅಂತ ಹೆಸರಿಟ್ಕೊಂಡೋರಿಗೆ ಈ ಕಷ್ಟ ಬೇಗ ಅರ್ಥ ಆಗತ್ತೆ. ಪಾಪ ಪ್ಲಮ್ಲಿ ಮರ್ಯಾದೆಗೆ ರೆಕಾರ್ಡಿಂಗ್ ಮಾಡಿದ್ರು, ಪ್ರಸಾರ ಮಾಡ್ಲಿಲ್ಲ.

ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಅಂತ ಒಪೆರಾ ಗಾಯಕಿ 1958ರಲ್ಲಿ ಬಂದು ಎಂಟರಲ್ಲಿ ಏಳು ತಾನೇ ಹಾಡಿದ ರೆಕಾರ್ಡ್ ಆರಿಸಿದ್ರು. ಒಂದು ಬೇರೆಯೋರಿಗೆ ಬಿಟ್ಟಿದ್ದೇ ದೊಡ್ಡದು ಅನ್ಬೇಕು. ಹಾಸ್ಯನಟ ಜಾನ್ ಕ್ಲೀಸ್ ತನ್ನ ಗೆಳೆಯ ಮೈಕಲ್ ಪೇಲಿನ್ನನ್ನೇ ವಸ್ತು ಅಂತ ಕೇಳಿದ, ಜೀವ ಇರೋದು ಆಗಲ್ಲ ಅಂದಿದ್ದಕ್ಕೆ ಒಣಹುಲ್ಲು ತುಂಬಿ ಬೊಂಬೆ ಮಾಡಿ ಕೊಡಿ ಅನ್ನೋ ಲೆಕ್ಕಕ್ಕೆ ಬಂದು ನಿಂತ. 1951ರಲ್ಲಿ ಸ್ಯಾಲಿ ಆನ್ ಹೋವ್ಸ್ ಅನ್ನೋ ನಟಿ ಕೇಳಿದ ಐಷಾರಾಮಿ ವಸ್ತು ಬೆಳ್ಳುಳ್ಳಿ. ಯುದ್ಧ ಮುಗಿದ್ರೂ ಇಂಗ್ಲೆಂಡಿನಲ್ಲಿ ರೇಷನ್ ಇದ್ದ ಕಾಲ ಅದು, ನಮಗೆ ಒಗ್ಗರಣೆ ಸಾಮಾನು ಅವರಿಗೆ ಐಷಾರಾಮ.

ಜಗಳ ಆಗಿದ್ದು, ಎದ್ದು ಹೋಗಿದ್ದು?

ಈ ಪ್ರಶ್ನೆ ಕೇಳೋರ ಕಣ್ಣಲ್ಲಿ ಒಂದು ಹೊಳಪಿರತ್ತೆ, ಗೊತ್ತು ನಂಗೆ.

ಡೆಸರ್ಟ್ ಐಲ್ಯಾಂಡ್‌ನಲ್ಲಿ ದೊಡ್ಡ ಗಲಾಟೆ 1989ರದ್ದು, ಡಯಾನಾ ಮೋಸ್ಲಿ. ಬ್ರಿಟಿಷ್ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ಹೆಂಡತಿ, ಹಿಟ್ಲರ್‌ನ ಹತ್ತಿರದಿಂದ ಬಲ್ಲೋಳು, ಅವಳ ಮದುವೆಗೆ ಹಿಟ್ಲರ್ ಬಂದಿದ್ದ. ವಯಸ್ಸಾದ ಮೇಲೂ ಪಶ್ಚಾತ್ತಾಪ ಅನ್ನೋದು ಚೂರೂ ಇಲ್ಲ, ಯಹೂದಿಗಳ ಸಾವಿನ ಸಂಖ್ಯೇನೇ ನಂಬಲ್ಲ ಅಂತಾಳೆ. ಕೇಳಿದೋರು ಸಿಟ್ಟಿಗೆದ್ರು, ಇಂಥೋಳನ್ನ ಯಾಕೆ ಕರೆದ್ರಿ ಅಂತ. ನನ್ನ ಲೆಕ್ಕದಲ್ಲಿ ಕರೆದಿದ್ದು ಸರಿ. ಅಷ್ಟು ಮೆತ್ತಗೆ, ಅಷ್ಟು ಸಭ್ಯವಾಗಿ, ಚಹಾ ಕುಡೀತಾ ಹರಟೆ ಹೊಡೆದಂಗೆ ಅಂಥ ಮಾತಾಡೋದು ಕೇಳಿದಾಗ ಮೈ ಜುಮ್ಮಂತು. ಪ್ರಶ್ನೆ ಕೇಳ್ತಿದ್ದ ಸ್ಯೂ ಲಾಲಿ ಕೂಗಾಡಿದ್ರೆ ಅವಳು ಅಷ್ಟು ಬಿಚ್ಕೊಳ್ತಿರಲಿಲ್ಲ.

ಸ್ಯೂ ಲಾಲಿ ಎಲ್ಲಾ ಸಲಾನೂ ಸರಿ ಅಂತಲ್ಲ ಮತ್ತೆ. 1996ರಲ್ಲಿ ಗಾರ್ಡನ್ ಬ್ರೌನ್ ಬಂದಾಗ, ಆಮೇಲೆ ಪ್ರಧಾನಿ ಆದ್ರಲ್ಲ ಅವರೇ, ಇನ್ನೂ ಯಾಕೆ ಮದುವೆ ಆಗಿಲ್ಲ, ನೀವು ಗೇನಾ ಅಥವಾ ನಿಮ್ಮಲ್ಲೇ ಏನಾದ್ರೂ ಐಬಾ ಅಂತ ಜನ ಕೇಳ್ತಾರೆ ಅನ್ನೋ ಧಾಟೀಲಿ ಎಳೆದಾಡಿದ್ರು. ನಮ್ಮೂರ ಮದುವೆ ಮನೇಲಿ ದೊಡ್ಡಮ್ಮಂದಿರು ಕೇಳೋ ಪ್ರಶ್ನೆ ಅದು, ಅದಕ್ಕೆ ಬಿಬಿಸಿ ಯಾಕೆ ಬೇಕು.

ಎದ್ದು ಹೋಗಿದ್ದು ನೋಡ್ಬೇಕು ಅಂದ್ರೆ ಅಮೆರಿಕಕ್ಕೆ ಹೋಗ್ಬೇಕು. ಫ್ರೆಶ್ ಏರ್ ಅಂತ ಕಾರ್ಯಕ್ರಮ, ಫಿಲಡೆಲ್ಫಿಯಾದ ಡಬ್ಲ್ಯೂಎಚ್‌ವೈವೈ ಕೇಂದ್ರದ್ದು, ಟೆರಿ ಗ್ರಾಸ್ ಅನ್ನೋ ಹೆಣ್ಣುಮಗಳು 1975ರಿಂದ ನಡೆಸ್ತಿದಾರೆ. 2003ರಲ್ಲಿ ಟಿವಿ ನಿರೂಪಕ ಬಿಲ್ ಓ'ರೈಲಿ ನಿಮ್ಮ ಪ್ರಶ್ನೆಗಳೇ ಸರಿಯಿಲ್ಲ ಅಂತ ಬೈದು ಅರ್ಧಕ್ಕೆ ಎದ್ದು ಹೋದ. 2002ರಲ್ಲಿ ಕಿಸ್ ಬ್ಯಾಂಡಿನ ಜೀನ್ ಸಿಮನ್ಸ್ ಬಂದು ಶುರುವಿಂದ ಕೊನೆವರೆಗೂ ಅಸಭ್ಯವಾಗಿ ಮಾತಾಡಿದ. ಟೆರಿ ದನಿ ಏರಿಸಲಿಲ್ಲ, ಬಗ್ಗಲೂ ಇಲ್ಲ, ಇದೇನು ನಿಮ್ಮ ವೇಷವಾ ಅಥವಾ ನಿಜವಾಗ್ಲೂ ಹಿಂಗೇನಾ ಅನ್ನೋ ಥರ ಕೇಳ್ತಾನೇ ಹೋದ್ರು. ಕೊನೆಗೆ ಯಾರು ಸಣ್ಣೋರಾದ್ರು ಅಂತ ಕೇಳಿದೋರಿಗೆಲ್ಲ ಗೊತ್ತಾಯ್ತು.

ಫ್ರೆಶ್ ಏರ್‌ನಲ್ಲಿ ಜಗಳ ಬಿಟ್ಟು ಒಳ್ಳೇದು?

ಮಾರಿಸ್ ಸೆಂಡಾಕ್, 2011. ಮಕ್ಕಳಿಗೆ ಚಿತ್ರ ಬರೆದು ಕಥೆ ಹೇಳ್ತಿದ್ದ ಮುದುಕ, 83 ವಯಸ್ಸು, ಮನೇಲೇ ಕೂತು ಫೋನಲ್ಲಿ ಮಾತಾಡಿದ್ದು. ಗೆಳೆಯರೆಲ್ಲ ಒಬ್ಬೊಬ್ಬರೇ ಹೋಗ್ತಿದಾರೆ, ಅವರನ್ನ ನೆನೆಸ್ಕೊಂಡು ಅಳ್ತೀನಿ, ಕಿಟಕಿ ಆಚೆ ಮರ ನೋಡ್ತೀನಿ ಎಷ್ಟು ಚೆನ್ನಾಗಿವೆ ಅಂತಾರೆ. ಇಬ್ರಿಗೂ ಗೊತ್ತು ಇದು ಕೊನೇ ಸಲ ಮಾತಾಡ್ತಿರೋದು ಅಂತ, ಯಾರೂ ಹೇಳಲ್ಲ. ಕೊನೇಲಿ ಟೆರಿಗೆ "ನಿನ್ನ ಬದುಕು ಬದುಕು" ಅನ್ನೋ ಮಾತನ್ನ ಮೂರು ಸಲ ಹೇಳ್ತಾರೆ. ಮಾರನೇ ವರ್ಷ ಮೇ ತಿಂಗಳಲ್ಲಿ ತೀರಿಹೋದ್ರು.

ನಾನು ಇದನ್ನ ಅಂಗಡೀಲಿ ಕೇಳಬಾರ್ದಿತ್ತು, ಗಿರಾಕಿ ಮುಂದೆ ಕಣ್ಣು ಒರೆಸ್ಕೊಳ್ಳೋದು ವ್ಯಾಪಾರಕ್ಕೆ ಒಳ್ಳೇದಲ್ಲ.

ಟೆರಿ ಗ್ರಾಸ್ ಬಗ್ಗೆ ಒಂದು ಮಾತು. ಅವರು ಬಹಳಷ್ಟು ಅತಿಥಿಗಳ ಮುಖಾನೇ ನೋಡಿರಲ್ಲ, ಅತಿಥಿ ಬೇರೆ ಊರಿನ ಸ್ಟುಡಿಯೋದಲ್ಲಿ, ಇವರು ಫಿಲಡೆಲ್ಫಿಯಾದಲ್ಲಿ, ನಡುವೆ ಬರೀ ಲೈನು. ಶುರು ಮಾಡೋಕೆ ಮುಂಚೆ, ರಾಜಕಾರಣಿ ಅಲ್ಲದೋರಿಗೆ, ತೀರಾ ಖಾಸಗಿ ಅನ್ಸಿದ್ರೆ ಹೇಳಿ, ಬೇರೆ ಪ್ರಶ್ನೆಗೆ ಹೋಗ್ತೀನಿ ಅಂತ ಮೊದಲೇ ಹೇಳಿಬಿಡ್ತಾರೆ. ಆ ಒಂದು ಮಾತು ಹೇಳಿದ್ದಕ್ಕೇ ಜನ ಜಾಸ್ತಿ ಹೇಳ್ಕೊಳ್ತಾರೆ. ರಾಜಕಾರಣಿಗಳಿಗೆ ಆ ರಿಯಾಯಿತಿ ಇಲ್ಲ, ಅದೂ ಸರೀನೇ.

ನಂಗೆ ಅಷ್ಟು ಇಂಗ್ಲಿಷ್ ಬರಲ್ಲ, ಅರ್ಥ ಆಗತ್ತಾ?

ನಾನು ಓದಿದ್ದು ಕನ್ನಡ ಮೀಡಿಯಮ್ಮು. ಮೊದಲು ಫೋನಲ್ಲಿ ಸ್ಪೀಡ್ ಸ್ವಲ್ಪ ಕಡಿಮೆ ಇಟ್ಕೊಳ್ಳಿ, 0.8 ಸಾಕು, ಅದಕ್ಕಿಂತ ಕಡಿಮೆ ಮಾಡಿದ್ರೆ ಕುಡಿದೋರು ಮಾತಾಡ್ದಂಗೆ ಕೇಳತ್ತೆ. ನಿಮಗೆ ಮೊದಲೇ ಗೊತ್ತಿರೋ ವ್ಯಕ್ತಿಯಿಂದ ಶುರು ಮಾಡಿ, ಕ್ರಿಕೆಟ್ಟೋ ಸಿನಿಮಾನೋ ಯಾವುದು ಇಷ್ಟವೋ ಅದು. ಮನುಷ್ಯನ ಕಥೆ ಗೊತ್ತಿದ್ರೆ ಅರ್ಧ ಪದ ತಿಳೀದಿದ್ರೂ ನಡಿಯತ್ತೆ. ಹಾಕಿಂಗ್ ಸಂಚಿಕೆ ಇದಕ್ಕೂ ಒಳ್ಳೇದು, ಮಷಿನ್ನು ನಿಧಾನಕ್ಕೆ ಬಿಡಿಸಿ ಬಿಡಿಸಿ ಓದತ್ತೆ.

ದುಡ್ಡು ಕೊಡ್ಬೇಕಾ?

ಇಲ್ಲ. ಪಾಡ್‌ಕಾಸ್ಟ್ ಆಪ್‌ಗಳಲ್ಲಿ ಪುಕ್ಕಟೆ ಸಿಗತ್ತೆ. ಹಾಡು ಮಾತ್ರ ಹಕ್ಕಿನ ತಕರಾರಿಗೆ ತುಂಡು ಮಾಡಿರ್ತಾರೆ, ಮಾತು ಪೂರ್ತಿ ಇರತ್ತೆ.

ನಮ್ಮ ಆಕಾಶವಾಣೀಲಿ ಇಂಥದ್ದು ಇಲ್ವಾ? ಬರೀ ಫಾರಿನ್ನಿಂದೇ ಹೇಳ್ತೀರಲ್ಲ?

ಈ ಏಟು ಬೀಳತ್ತೆ ಅಂತ ಗೊತ್ತಿತ್ತು.

ಇತ್ತು ರೀ, ಇದೆ ಕೂಡ. ಆಕಾಶವಾಣಿ ಅನ್ನೋ ಹೆಸರೇ ನಮ್ಮ ಮೈಸೂರಿಂದು, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಪ್ರೊಫೆಸರ್ರು ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು, ಬಿಬಿಸಿಯ ಈ ಕಾರ್ಯಕ್ರಮಕ್ಕಿಂತ ಏಳು ವರ್ಷ ಮುಂಚೆ. ಧಾರವಾಡ ಕೇಂದ್ರ 1950ರಲ್ಲಿ ಬಂತು. ನಮ್ಮ ಕಡೆ ಮನೆಗಳಲ್ಲಿ ಮೀಡಿಯಂ ವೇವ್‌ನಲ್ಲಿ ಧಾರವಾಡ, ಭದ್ರಾವತಿ ಎರಡೂ ಹಿಡೀತಿತ್ತು, 675ಕ್ಕೆ ಭದ್ರಾವತಿ, 765ಕ್ಕೆ ಧಾರವಾಡ, ಅಂಕಿ ತಿರುಗುಮುರುಗು ಇದ್ದಿದ್ರಿಂದ ಮುಳ್ಳು ತಿರುಗಿಸೋ ಮಕ್ಕಳಿಗೆ ಯಾವಾಗ್ಲೂ ಗೊಂದಲ. ಆಮೇಲೆ ಚಿತ್ರದುರ್ಗದ ಎಫ್‌ಎಂ 102.6. ರೈತರ ಜೊತೆ, ಸೋಬಾನೆ ಪದ ಹಾಡೋ ಹೆಣ್ಣುಮಕ್ಕಳ ಜೊತೆ, ಹಾರ್ಮೋನಿಯಂ ಮಾಸ್ತರ ಜೊತೆ ಮಾತುಕತೆ ಬರ್ತಾನೇ ಇರ್ತವೆ. ಶೇಂಗಾಕ್ಕೆ ರೋಗ ಬಂದಾಗ ಏನ್ ಮಾಡಿದ್ರಿ ಅಂತ ಒಬ್ಬ ರೈತನ್ನ ಕೇಳಿದ್ದಕ್ಕೆ ಆತ ಬೆಳೆ ಬಿಟ್ಟು ಬೋರ್‌ವೆಲ್ಲು, ಸಾಲ, ಅಣ್ಣತಮ್ಮಂದಿರ ಪಾಲು ಎಲ್ಲಾ ಹೇಳಿದ ಒಂದು ಸಂದರ್ಶನ ಇನ್ನೂ ನೆನಪಿದೆ, ಅದು ಯಾವ ಬಿಬಿಸಿಗೂ ಕಡಿಮೆ ಇಲ್ಲ.

ಬೇಜಾರು ಇರೋದು ಬೇರೆ ವಿಷ್ಯಕ್ಕೆ. ಯಾವ ಕೇಂದ್ರ ಅಂತ ಹೇಳಲ್ಲ, ಹೆಸರಾಂತ ಕಲಾವಿದರೊಬ್ಬರನ್ನ ಕರೆಸಿದ್ರು, ನಿರೂಪಕರು ಶುರುವಿಗೆ ಅವರ ಬಯೋಡೇಟಾ ಓದೋಕೇ ಅರ್ಧ ಟೈಮ್ ತಗೊಂಡ್ರು. ಪ್ರಶಸ್ತಿ ಪಟ್ಟಿ, ಅಧ್ಯಕ್ಷ ಆಗಿದ್ದ ಸಮಿತಿಗಳ ಪಟ್ಟಿ, "ಇಂಥ ಮೇರು ವ್ಯಕ್ತಿತ್ವದ ತಮ್ಮನ್ನು". ಪಾಪ ಆ ಹಿರಿಯರಿಗೆ ಹೌದು, ಧನ್ಯವಾದ ಅಂತ ಎರಡೇ ಮಾತು ಆಡೋಕೆ ಸಿಕ್ಕಿದ್ದು. ಸನ್ಮಾನ ಮಾಡೋದು ನಮಗೆ ಚೆನ್ನಾಗಿ ಬರತ್ತೆ, ಶಾಲು ಹೊದಿಸಿದ ಮೇಲೆ ಆ ಮನುಷ್ಯನ ಮಾತು ಕೇಳೋ ತಾಳ್ಮೆ ಉಳಿದಿರಲ್ಲ. ಇನ್ನು ಈಗಿನ ಯೂಟ್ಯೂಬ್ ಸಂದರ್ಶನಗಳು, ಅತಿಥಿ ಬಾಯಿ ತೆಗೆಯೋಷ್ಟರಲ್ಲಿ ಇವರೇ ಉತ್ತರ ಹೇಳಿ "ಅಲ್ವಾ ಸಾರ್?" ಅಂತಾರೆ, ಸಾರ್ "ಹೌದು" ಅಂತಾರೆ, ಮುಗೀತು.

ಚಿಂದೋಡಿ ಲೀಲಾ ಅವರ ಊರು ನಮ್ದು. ಕಂಪನಿ ನಾಟಕದಲ್ಲಿ ಪರದೆ ಎಳೆದೋರು, ಟಿಕೆಟ್ ಹರಿದೋರು, ಕ್ಯಾಂಪಿಂದ ಕ್ಯಾಂಪಿಗೆ ಅಡುಗೆ ಪಾತ್ರೆ ಹೊತ್ತೋರು ಇನ್ನೂ ನಮ್ಮ ಓಣಿಗಳಲ್ಲಿ ಇದಾರೆ. ಇವರಿಗೆಲ್ಲ ಬಯೋಡೇಟಾ ಇಲ್ಲ, ಅದಕ್ಕೇ ಇವರ ಸಂದರ್ಶನ ಚೆನ್ನಾಗಿ ಆಗತ್ತೆ, ಯಾರಾದ್ರೂ ಮಾಡಿದ್ರೆ.

ಹೆಸರಿಲ್ಲದೋರನ್ನೇ ಮಾತಾಡಿಸಿದ ರೇಡಿಯೋದೋರು ಯಾರಾದ್ರೂ ಇದಾರಾ?

ಸ್ಟಡ್ಸ್ ಟರ್ಕೆಲ್. ಶಿಕಾಗೋದ ಡಬ್ಲ್ಯೂಎಫ್‌ಎಂಟಿ ಕೇಂದ್ರದಲ್ಲಿ 1952ರಿಂದ 1997ರವರೆಗೆ, 45 ವರ್ಷ. ದೊಡ್ಡ ದೊಡ್ಡೋರೂ ಬಂದಿದಾರೆ, ಆದ್ರೆ ಆತನ ಜೀವ ಇದ್ದದ್ದು ಕಾರ್ಖಾನೆ ಕೆಲಸದೋರು, ಹೋಟೆಲಲ್ಲಿ ಬಡಿಸೋ ಹೆಂಗಸರು, ಇಂಥೋರ ಹತ್ರ. ತಮಾಷೆ ಅಂದ್ರೆ ಅವನಿಗೆ ಮಷಿನ್ ಅಂದ್ರೆ ಆಗ್ತಿರಲಿಲ್ಲ. ಕಾರು ಓಡಿಸೋಕೆ ಬರಲ್ಲ, ಟೇಪ್ ರೆಕಾರ್ಡರ್ ಗುಂಡಿ ಒತ್ತೋದ್ರಲ್ಲೂ ಎಡವಟ್ಟು. ಎದುರಿಗೆ ಕೂತೋರೇ ಅಯ್ಯೋ ಇದು ತಿರುಗ್ತಾ ಇಲ್ಲ ನೋಡಿ ಅಂತ ಸರಿ ಮಾಡಿಕೊಡ್ತಿದ್ರಂತೆ, ಆ ಗಳಿಗೇಲಿ ಅವರ ಹೆದರಿಕೆ ಹೋಗ್ತಿತ್ತು, ಇವನೂ ನಮ್ಮಂಥೋನೇ ಅಂತ.

ಆತ ಹೇಳ್ತಿದ್ದ ಒಂದು ಘಟನೆ ಇದೆ. ಬಡವರ ಸರ್ಕಾರಿ ವಸತಿಯಲ್ಲಿ ಒಬ್ಬ ತಾಯಿ, ಸುತ್ತ ಮಕ್ಕಳು ಕುಣೀತಿವೆ, ಅವಳ ಜೊತೆ ಮಾತಾಡಿ ಮುಗಿದ ಮೇಲೆ ಮಕ್ಕಳು ಅಮ್ಮನ ದನಿ ಕೇಳ್ಬೇಕು ಅಂತ ಹಟ ಮಾಡ್ತವೆ. ಟೇಪ್ ಹಾಕ್ತಾನೆ. ಅವಳು ತಾನೇ ಹೇಳಿದ್ದನ್ನ ಕೇಳಿ ಬಾಯಿ ಮೇಲೆ ಕೈ ಇಟ್ಕೊಂಡು, ನನಗೆ ಹಿಂಗೆಲ್ಲ ಅನ್ಸತ್ತೆ ಅಂತ ನನಗೇ ಗೊತ್ತಿರಲಿಲ್ಲ ಅಂತಾಳೆ. ಅದು ಕೇಳಿ ಟರ್ಕೆಲ್‌ಗೂ ಭಾರೀ ಖುಷಿ ಆಯ್ತಂತೆ.

ನಮ್ಮ ಅಜ್ಜನ ಮಾತು ರೆಕಾರ್ಡ್ ಮಾಡ್ಕೋಬೇಕು. ಏನ್ ಕೇಳ್ಲಿ?

ಇದನ್ನ ಕೇಳೋರು ಈಗೀಗ ಜಾಸ್ತಿ ಆಗಿದಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

"ನಿಮ್ಮ ಜೀವನದ ಬಗ್ಗೆ ಹೇಳಿ ಅಜ್ಜ" ಅನ್ನಬೇಡಿ. "ಏನಿದೆ ಹೇಳೋಕೆ, ದುಡಿದ್ವಿ, ತಿಂದ್ವಿ, ಮಕ್ಕಳು ಮಾಡಿದ್ವಿ" ಅಂತ ಮುಗಿಸಿಬಿಡ್ತಾರೆ. ನಮ್ಮ ಓಣೀಲಿ ಕಾಟನ್ ಮಿಲ್ಲಲ್ಲಿ ಕೆಲಸ ಮಾಡಿದ ಒಬ್ಬ ಅಜ್ಜ ಇದಾರೆ, ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದೋರು. ಅವರ ಮೊಮ್ಮಗಳು ಕಾಲೇಜ್ ಪ್ರಾಜೆಕ್ಟ್ ಅಂತ "ಮಿಲ್ ಮುಚ್ಚಿದಾಗ ಕಾರ್ಮಿಕರ ಸ್ಥಿತಿ ಹೇಗಿತ್ತು" ಅಂತ ಕೇಳಿದ್ಲು. ಕಷ್ಟ ಇತ್ತವ್ವ ಅಂದ್ರು, ಅಷ್ಟೇ. ನಾನು ಪಕ್ಕದಲ್ಲಿ ಕೂತಿದ್ದೆ, ಅಜ್ಜ ರಾತ್ರಿ ಪಾಳಿಗೆ ಡಬ್ಬೀಲಿ ಏನ್ ಕಟ್ಕೊಂಡು ಹೋಗ್ತಿದ್ರಿ ಅಂದೆ. ಜೋಳದ ರೊಟ್ಟಿ, ಚಟ್ನಿಪುಡಿ, ರೊಟ್ಟಿ ಮೇಲೆ ಹತ್ತಿ ಧೂಳು ಕೂತು ಬೆಳ್ಳಗಾಗ್ತಿತ್ತು, ಊದಿ ತಿಂತಿದ್ವಿ, ಪಕ್ಕದ ಮಷಿನ್ನಿನೋನ ಡಬ್ಬೀಲಿ ಮೀನು ಇರ್ತಿತ್ತು, ನಾನು ಅವನ ಹತ್ರ ಕೂರಬಾರ್ದು ಅಂತ ಮನೇಲಿ ಹೇಳಿದ್ರು, ಆದ್ರೂ ಕೂರ್ತಿದ್ದೆ, ಸಂಬಳ ನಿಂತ ಮೇಲೆ ನಮ್ಮನೆಗೆ ಅಕ್ಕಿ ತಂದು ಕೊಟ್ಟೋನು ಅವನೇ. ಹಿಂಗೆ ಹೋಯ್ತು ಮಾತು. ಮಿಲ್ ಮುಚ್ಚಿದ್ದೂ ಬಂತು, ಜಾತೀನೂ ಬಂತು, ಗೆಳೆತನಾನೂ ಬಂತು, ಕೇಳಿದ್ದು ಮಾತ್ರ ಡಬ್ಬಿ.

ಚಿತ್ರದುರ್ಗದ ಕಡೆ ಅಜ್ಜಿಯರಿದ್ರೆ ನೀರು ಎಲ್ಲಿಂದ ತರ್ತಿದ್ರಿ ಅಂತ ಕೇಳಿ. ಅಲ್ಲಿ ನೀರಿನ ಕಥೆ ಇಲ್ಲದ ಮನೆ ಇಲ್ಲ. ಬುರುಜನಹಟ್ಟಿ ಕಡೆಯ ಒಬ್ಬ ಅಜ್ಜಿಗೆ ಕೋಟೆ ಬಗ್ಗೆ, ಓಬವ್ವನ ಬಗ್ಗೆ ಕೇಳಿದ್ರೆ ಸ್ಕೂಲ್ ಪುಸ್ತಕದ್ದೇ ಹೇಳ್ತಾರೆ, ಬಂದೋರೆಲ್ಲ ಅದನ್ನೇ ಕೇಳಿರ್ತಾರಲ್ಲ. ಕೊಡ ಹೊತ್ತು ಸಾಲಲ್ಲಿ ನಿಂತಾಗ ಯಾರ ಜೊತೆ ಜಗಳ ಆಡಿದ್ರಿ ಅಂದ್ರೆ ಮುಖ ಅರಳತ್ತೆ.

ವಸ್ತು ಕೈಗೆ ಕೊಟ್ಟು ಕೇಳೋದೂ ಒಳ್ಳೇ ಉಪಾಯ: ಹಳೇ ಫೋಟೋ, ಮದುವೆ ಕಾರ್ಡು, ಬೀಗದ ಕೈ, ಏನಾದ್ರೂ. ಎಂಟು ಹಾಡಿನ ಆಟಾನೂ ಆಡಿಸ್ಬಹುದು, ಆದ್ರೆ ನಮ್ಮ ಹಿರಿಯರಿಗೆ ಎಂಟು ಅಂದ್ರೆ ಜಾಸ್ತಿ, ಮೂರು ಸಾಕು, ಭಜನೆ ಪದ ಆದ್ರೂ ಸರಿ, ನಾಟಕದ ಪದ ಆದ್ರೂ ಸರಿ.

ಕೆಲಸದ ವಿಷ್ಯ: ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ, ಅಡುಗೆ ಮನೆ ಕುಕ್ಕರ್ ಇಳಿದ ಮೇಲೆ ಶುರು ಮಾಡಿ. ಫೋನನ್ನ ಅವರ ಬಾಯಿಗೆ ಒಂದು ಗೇಣು ದೂರ ದಿಂಬಿನ ಮೇಲೆ ಇಡಿ, ಟೇಬಲ್ ಮೇಲೆ ಇಟ್ರೆ ಬಳೆ ಸದ್ದು ಲೋಟದ ಸದ್ದು ಎಲ್ಲಾ ಗುದ್ದಿದಂಗೆ ಕೇಳತ್ತೆ. ಶುರುವಿಗೆ ಅವರ ಹೆಸರು, ಊರು, ತಾರೀಖು ಹೇಳಿಸಿ. ನಲವತ್ತು ನಿಮಿಷ ಆದ ಮೇಲೆ ನಿಲ್ಲಿಸಿ. ಅಮೆರಿಕದಲ್ಲಿ 2003ರಲ್ಲಿ ಸ್ಟೋರಿಕಾರ್ಪ್ಸ್ ಅಂತ ಶುರುವಾಯ್ತು, ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ಸ್ಟೇಷನ್ನಲ್ಲಿ ಒಂದು ಸಣ್ಣ ಗೂಡು ಕಟ್ಟಿ, ಗಂಡ ಹೆಂಡತಿನೋ ಅಜ್ಜಿ ಮೊಮ್ಮಗಾನೋ ಒಳಗೆ ಹೋಗಿ ಒಬ್ಬರನ್ನೊಬ್ಬರು ಮಾತಾಡಿಸೋದು, ಅವರ ಲೆಕ್ಕಾನೂ 40 ನಿಮಿಷಾನೇ. ಒಪ್ಪಿಗೆ ಕೊಟ್ಟೋರ ರೆಕಾರ್ಡಿಂಗ್ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇಡ್ತಾರೆ.

ಪ್ರಶ್ನೆ ಕೇಳಿದ ಮೇಲೆ ಅಜ್ಜ ಸುಮ್ನೆ ಕೂತ್ರೆ?

ನೀವೂ ಸುಮ್ನೆ ಕೂರಿ. ಮನಸ್ಸಲ್ಲೇ ಹತ್ತು ಎಣಿಸಿ. ಎಣಿಸಿ ಮುಗಿಯೋದ್ರೊಳಗೆ ಬರತ್ತೆ.

ಅತ್ತುಬಿಟ್ರೆ?

ನೀರು ಕೊಡಿ, ರೆಕಾರ್ಡಿಂಗ್ ನಿಲ್ಲಿಸ್ಲಾ ಅಂತ ಕೇಳಿ. ಬಹಳಷ್ಟು ಜನ ಬೇಡ ಅಂತಾರೆ. ಬೇಕು ಅಂದ್ರೆ ಮರುಮಾತಿಲ್ಲದೆ ನಿಲ್ಲಿಸಿ. "ಬಿಡಿ ಅಜ್ಜ, ಆಗಿದ್ದು ಆಯ್ತು" ಅಂತ ಸಮಾಧಾನ ಹೇಳೋಕೆ ಮಾತ್ರ ಹೋಗ್ಬೇಡಿ, ಆ ಮಾತು ಬಂದ್ರೆ ಅವರು ಹೇಳೋದನ್ನ ಅಲ್ಲಿಗೇ ನುಂಗ್ಕೊಳ್ತಾರೆ.

ನಿಮ್ಮ ಎಂಟು ಹಾಡು, ಪುಸ್ತಕ, ವಸ್ತು ಯಾವುದು?

ಹಾಡಿನ ಪಟ್ಟಿ ವಾರಕ್ಕೊಂದ್ಸಲ ಬದಲಾಗತ್ತೆ, ಅದನ್ನ ಬರೆದ್ರೆ ಗುಂಪಲ್ಲಿ ಜಗಳ ಶುರು. ಪುಸ್ತಕ ದಪ್ಪಂದು ಯಾವುದಾದ್ರೂ ಆಗತ್ತೆ, ತಲೆದಿಂಬಿಗೂ ಬರತ್ತೆ. ವಸ್ತು ವಿಷ್ಯದಲ್ಲಿ ನಂಗೆ ಡೌಟೇ ಇಲ್ಲ: ಹಾಕಿಂಗ್‌ಗೆ ಸಿಹಿ ಕೊಟ್ಟಿದಾರೆ ಅಂದ್ಮೇಲೆ ನಂಗೆ ಬೆಣ್ಣೆ ದೋಸೆ ಕೊಡಲೇಬೇಕು, ಜೊತೆಗೆ ಆಲೂಗೆಡ್ಡೆ ಪಲ್ಯ, ಬಿಳಿ ಚಟ್ನಿ. ಬೆಣ್ಣೆ ಜೀವ ಇರೋದಲ್ಲ, ತಪ್ಪಿಸ್ಕೊಳ್ಳೋಕೂ ಬರಲ್ಲ, ತಿಂದ ಮೇಲೆ ಏಳೋಕೇ ಆಗಲ್ಲ. ಮಂಡಕ್ಕಿ ಮಿರ್ಚಿ ಅಂತ ಕೆಲವರು ಹೇಳಿದ್ರು, ಸಮುದ್ರದ ಗಾಳಿಗೆ ಮಂಡಕ್ಕಿ ಮೆತ್ತಗಾಗತ್ತೆ, ಆಗಲ್ಲ.

ಅಜ್ಜನ ರೆಕಾರ್ಡಿಂಗ್ ಯೂಟ್ಯೂಬಿಗೆ ಹಾಕ್ಬಹುದಾ?

ಅಜ್ಜನ್ನ ಕೇಳಿ, ಅದೂ ಮಾತೆಲ್ಲ ಮುಗಿದ ಮೇಲೆ ಇನ್ನೊಂದ್ಸಲ. ಮೊದಲು ಹ್ಞೂಂ ಅಂದಿರ್ತಾರೆ, ಆಮೇಲೆ ಏನೇನೋ ಹೇಳಿರ್ತಾರಲ್ಲ. ಆ ಜೀನ್ ಸಿಮನ್ಸ್ ಕೂಡ ತನ್ನ ಸಂದರ್ಶನ ಇಂಟರ್‌ನೆಟ್ಟಿಗೆ ಹಾಕೋಕೆ ಒಪ್ಪಲಿಲ್ಲ, ಕಾರ್ಯಕ್ರಮದೋರು ಆತನ ಮಾತಿಗೆ ಬೆಲೆ ಕೊಟ್ರು. ಬೇರೆಯೋರ ಹೆಸರು, ಆಸ್ತಿ ಜಗಳ, ಯಾರದೋ ಮನೆ ಸೊಸೆ ವಿಷ್ಯ ಬಂದಿದ್ರೆ ಅಷ್ಟು ಕತ್ತರಿಸಿ. ಪೂರ್ತಿ ಇರೋದನ್ನ ಮನೆಯೋರಿಗೆ ಅಂತ ಬೇರೆ ಪೆನ್‌ಡ್ರೈವಲ್ಲಿ ಇಡಿ, ಫೋನೊಂದನ್ನೇ ನಂಬ್ಕೋಬೇಡಿ, ಎರಡು ಕಡೆ ಕಾಪಿ ಮಾಡಿ. ಎಡಿಟ್ ಮಾಡೋಕೆ ಬರಲ್ಲ ಅಂದ್ರೆ ಭಾನುವಾರ ಮಧ್ಯಾಹ್ನ ಅಂಗಡಿಗೆ ಬರ್ರಿ, ಮಧ್ಯಾಹ್ನ ಗಿರಾಕಿ ಕಡಿಮೆ ಇರ್ತಾರೆ.